ಮಾವನ ವಾಚಿಗೆ ನಾನು ಗಾಜು ಹಾಕಿದ್ದು

ಗಾಜಿಲ್ಲದ ವಾಚನ್ನು ಯಾರಾದರೂ ತಂದು ಮುಂದಿಟ್ಟರೆ ನನಗೆ ಮೊದಲು ಬರುತ್ತಿದ್ದುದು ಸಿಟ್ಟು. ಈಗ ಸಿಟ್ಟು ಬರುವುದಿಲ್ಲ. ‘ಇದನ್ನು ಕಟ್ಟಿಕೊಳ್ಳುವವರಿಗೆ ಕಣ್ಣು ಕಾಣುತ್ತದಾ?’ ಎಂದು ಕೇಳುತ್ತೇನೆ. ತಂದವರು ಇವಳಿಗೇನಾಯಿತು ಅನ್ನುವಂತೆ ನನ್ನ ಮುಖ ನೋಡುತ್ತಾರೆ. ನೋಡಲಿ ಬಿಡಿ. ಈ ಒಂದು ಮಾತನ್ನು ಮೊದಲೇ ಕೇಳಿದ್ದರೆ ನನ್ನ ಸೋದರಮಾವ ಇನ್ನೊಂದಷ್ಟು ಕಾಲ ಯಾರನ್ನೂ ಕೇಳದೆ ತನ್ನ ಹೊತ್ತನ್ನು ತಾನೇ ತಿಳಿದುಕೊಂಡು ಇರುತ್ತಿದ್ದ. ಕಣ್ಣು ಹೋದ ಮೇಲೆ ಅವನು ವಾಚಿನ ಮುಳ್ಳುಗಳನ್ನು ಬೆರಳಿನಿಂದ ಸವರಿ ಗಂಟೆ ಹೇಳುತ್ತಿದ್ದ. ಆ ವಾಚನ್ನು ಹೊಸದರಂತೆ ಮಾಡಿ, ಮೇಲೊಂದು ಗಾಜು ಕೂರಿಸಿ ಕಳಿಸಿದವಳು ನಾನು.

ನಾನು ವಾಚ್ ಫ್ಯಾಕ್ಟರಿಯ ಜೋಡಣೆ ವಿಭಾಗದಲ್ಲಿ ಕೆಲಸ ಮಾಡಿದವಳು. ಬಿಳಿ ಕೋಟು ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಎತ್ತಿ ಎತ್ತಿ ಕೂರಿಸಿದ್ದೇನೆ. ಡಯಲ್ ಮೇಲೆ ಒಂದೇ ಒಂದು ಬೆರಳ ಗುರುತು ಬಿದ್ದಿದ್ದರೂ ಮೇಲ್ವಿಚಾರಕಿ ಆ ವಾಚನ್ನು ನನ್ನ ಮೇಜಿಗೇ ವಾಪಸ್ ತಂದು ಕುಕ್ಕುತ್ತಿದ್ದಳು. ಡಯಲ್ಲನ್ನು ಬೆರಳಲ್ಲಿ ಮುಟ್ಟಬಾರದು, ಅಷ್ಟೆ. ಉಸಿರು ತಾಗಿದರೂ ಮಸುಕಾಗುತ್ತದೆ ಎಂದು ಹೆದರಿಸಿ ಹೆದರಿಸಿ ನಮ್ಮನ್ನು ತಯಾರು ಮಾಡಿದ್ದರು. ಫ್ಯಾಕ್ಟರಿ ಮುಚ್ಚಿದ ಮೇಲೆ ಮಧುಗಿರಿಗೆ ಬಂದು ಸೇರಿಕೊಂಡೆ. ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಮೇಜು ಹಾಕಿಕೊಂಡು ಹಳೆಯ ಕೀ ಕೊಡುವ ವಾಚುಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಓಡಿಸಿಕೊಡುತ್ತೇನೆ. ಶಿರಾ ಕಡೆಯಿಂದ, ಪಾವಗಡದಿಂದ ಕೂಡ ಜನ ತರುತ್ತಾರೆ. ನನ್ನ ಕೈ ಚೆನ್ನಾಗಿದೆ ಎಂದು ನಾಲ್ಕು ಜನ ಹೇಳುತ್ತಾರೆ, ಹೇಳಿದಾಗ ನನಗೆ ಖುಷಿಯೂ ಆಗುತ್ತದೆ. ಸುಳ್ಳು ಯಾಕೆ ಹೇಳಲಿ?

ಫ್ಯಾಕ್ಟರಿ ಕೆಲಸಕ್ಕೆ ನನ್ನನ್ನು ಸೇರಿಸಿದ್ದೇ ಮಾವ. ಅಪ್ಪನಿಗೆ ಇಷ್ಟವಿರಲಿಲ್ಲ. ಹೆಣ್ಣು ಹುಡುಗಿ ಒಬ್ಬಳೇ ಹೋಗಿ ಪೇಟೆಯಲ್ಲಿ ಇರುವುದೆಂದರೆ ಏನು, ಜನ ಏನಂತಾರೆ, ಅದೇ ರಾಗ. ಮಾವ ಹೈಸ್ಕೂಲಿನಲ್ಲಿ ಜವಾನನಾಗಿದ್ದ. ಅವನೇ ಅರ್ಜಿ ತಂದು, ಶಾಲೆಯ ಮೇಷ್ಟ್ರ ಹತ್ತಿರ ತುಂಬಿಸಿ, ಸಂದರ್ಶನದ ದಿನ ಬೆಳಗ್ಗೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೂ ತುಳಿದ. ‘ಜನ ಏನಾದ್ರೂ ಅನ್ಕಳ್ಲಿ ಬುಡು. ನಮ್ ಮನೇಲಿ ಒಬ್ಳಾದ್ರೂ ಕೋಟ್ ಹಾಕ್ಕಂಡ್ ಕೆಲ್ಸ ಮಾಡ್ಲಿ’ ಅಂದಿದ್ದ. ಮೊದಲ ವರ್ಷ ಮುಗಿದಾಗ ನಮ್ಮ ಸಾಲಿನಲ್ಲೇ ತಯಾರಾದ ಒಂದು ವಾಚನ್ನು ಅವನಿಗೆ ತಂದುಕೊಟ್ಟೆ. ಅವತ್ತಿನಿಂದ ಸ್ನಾನದ ಹೊತ್ತು ಬಿಟ್ಟರೆ ಅದು ಅವನ ಕೈಯಿಂದ ಇಳಿದದ್ದಿಲ್ಲ. ಮಾವನನ್ನು ನಾನು ನೀನು ಅಂತಲೇ ಮಾತಾಡಿಸಿ ಬೆಳೆದವಳು, ಹಾಗಾಗಿ ಬರೆಯುವಾಗಲೂ ಬಹುವಚನ ಬಾಯಿಗೆ ಬರುತ್ತಿಲ್ಲ.

ದೀಪಾವಳಿಗೆ ಸ್ವಲ್ಪ ಮೊದಲು ಮಾವನ ಮಗ ಬಂದ. ವರಸೆಯಲ್ಲಿ ನನ್ನನ್ನು ಅತ್ತಿಗೆ ಅನ್ನಬೇಕು, ಚಿಕ್ಕಂದಿನಿಂದ ಅಕ್ಕ ಎಂದೇ ಅಭ್ಯಾಸ ಅವನಿಗೆ. ಮಧುಗಿರಿಯಲ್ಲಿ ಏನೋ ಆಫೀಸಿನ ಕೆಲಸವಿತ್ತಂತೆ. ಬೈಕನ್ನು ಆಫ್ ಮಾಡಲೂ ಇಲ್ಲ, ಬಾಗಿಲಲ್ಲೇ ನಿಂತು ಕರ್ಚೀಫಿನ ಗಂಟೊಂದನ್ನು ಕೊಟ್ಟ.

‘ಅಪ್ಪನ್ ವಾಚಕ್ಕ. ನಿಂತೋಗೈತೆ. ಬರೀ ಧೂಳ್ ತೆಗ್ದು ಓಡಂಗ್ ಮಾಡ್ಕೊಡ್ಬೇಕಂತೆ. ಬ್ಯಾರೇನೂ ಮುಟ್ಬಾರ್ದಂತೆ, ಒತ್ತಿ ಒತ್ತಿ ಹೇಳವ್ರೆ.’

‘ಒಳಗ್ ಬಾರೋ, ಕಾಫಿನಾದ್ರೂ ಕುಡ್ಕೊಂಡ್ ಹೋಗು’ ಅಂದೆ. ಲೇಟಾಯ್ತಕ್ಕ ಎಂದು ಹೊರಟೇ ಹೋದ. ಒಂದು ಲೋಟ ಕಾಫಿಗೆ ಕೂತಿದ್ದರೆ ಅಪ್ಪನ ಕಣ್ಣಿನ ವಿಷಯ ಮಾತಿನಲ್ಲಿ ಬಂದೇ ಬರುತ್ತಿತ್ತು. ಆಮೇಲೆ ಕೇಳಿದಾಗ ಅವನು ಅಂದದ್ದು, ‘ನಿಮ್ಗೆ ಗೊತ್ತೈತೆ ಅನ್ಕಂಡಿದ್ದೆ ಕಣಕ್ಕಾ.’ ಗೊತ್ತಿರಬೇಕಿತ್ತು. ಚನ್ನರಾಯನದುರ್ಗದ ಹತ್ತಿರದ ಊರು ಅವರದು, ಮಧುಗಿರಿಯಿಂದ ಎಷ್ಟು ದೂರ? ಬೇಳೆ ಬೇಯಲು ಇಟ್ಟು ಹೋದರೆ ಸಾರು ಕುದಿಯುವ ಹೊತ್ತಿಗೆ ತಲುಪಬಹುದು. ಹೆಂಗಸರಿಗೆ ಬಸ್ಸು ಫ್ರೀ ಆಗಿ ಎಷ್ಟು ಕಾಲವಾಯಿತು! ಆ ಫ್ರೀ ಬಸ್ಸಿನಲ್ಲಿ ಎಲ್ಲೆಲ್ಲಿಗೋ ಹೋಗಿ ಬಂದಿದ್ದೇನೆ, ಮಾವನ ಮನೆಗೆ ಎರಡು ವರ್ಷ ಹೋಗಿರಲಿಲ್ಲ. ಜಗಳವಿಲ್ಲ, ಮನಸ್ತಾಪವಿಲ್ಲ. ಸುಮ್ಮನೆ ಹೋಗಲಿಲ್ಲ.

ಕರ್ಚೀಫು ಬಿಚ್ಚಿದೆ ನೋಡಿ, ಮೈಯೆಲ್ಲ ಉರಿದುಹೋಯಿತು. ನನ್ನ ಕೈಯಾರೆ ಕೊಟ್ಟ ವಾಚು! ಗಾಜೇ ಇಲ್ಲ. ಗಾಜಿನ ಬದಲು, ಪಟ್ಟಿಗೆ ಹೊಲಿದ ತೊಗಲಿನ ಒಂದು ಮುಚ್ಚಳ, ಗುಂಡಿ ಬಿಚ್ಚಿದರೆ ತೆರೆಯುವಂಥದ್ದು. ಸೆಕೆಂಡಿನ ಮುಳ್ಳು ಕಿತ್ತುಹಾಕಿದ್ದರು. ಉಳಿದ ಎರಡು ಮುಳ್ಳುಗಳು ವಾಚಿನವೇ ಅಲ್ಲ, ಯಾವುದೋ ಸಣ್ಣ ಟೈಂಪೀಸಿನ ದಪ್ಪ ಮುಳ್ಳುಗಳನ್ನು ಕತ್ತರಿಸಿ ಹಾಕಿದ್ದರು. ಬೆಳ್ಳಿಯಂಥ ಡಯಲ್ ಮೇಲೆ ಗಟ್ಟಿಯಾದ ಅಂಟಿನ ಬೊಟ್ಟುಗಳು, ಹನ್ನೆರಡರ ಹತ್ತಿರ ಎರಡು, ಮೂರು ಆರು ಒಂಬತ್ತರ ಹತ್ತಿರ ಒಂದೊಂದು. ಟೈಮ್ ಸರಿಮಾಡಲು ಕೀ ಎಳೆದು ತಿರುಗಿಸಿದರೆ ಮುಳ್ಳು ಕಷ್ಟಪಟ್ಟು ಅಲುಗಾಡುವಷ್ಟು ಬಿಗಿ. ‘ಯಾವ ಕಟುಕನ ಕೈಗೆ ಕೊಟ್ಟಿದ್ಯಪ್ಪಾ ಇದನ್ನ!’ ಎಂದು ಒಬ್ಬಳೇ ಜೋರಾಗಿ ಬೈದೆ. ಶಿರಾದಲ್ಲಿ ಒಬ್ಬ ಸಾಬರ ಹತ್ತಿರ ಮಾವ ರಿಪೇರಿ ಮಾಡಿಸುತ್ತಾನೆ ಎಂದು ಎಂದೋ ಕೇಳಿದ್ದೆ. ಆ ಸಾಬರಿಗೂ ಸೇರಿಸಿ ಬೈದೆ.

ಬೊಟ್ಟುಗಳು ಯಾಕೆ ಅಷ್ಟು ಅಳತೆಯಾಗಿ ಕೂತಿವೆ, ಹನ್ನೆರಡಕ್ಕೆ ಮಾತ್ರ ಯಾಕೆ ಎರಡಿವೆ, ಒಂದು ಗಳಿಗೆಯೂ ಯೋಚಿಸಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡವಳಿಗೆ ಅಷ್ಟೂ ಕಾಣಲಿಲ್ಲ. ಮುಟ್ಟಬೇಡ ಎಂದು ಮಾವ ಹೇಳಿ ಕಳಿಸಿದ್ದು ನೆನಪಿತ್ತು. ನನಗೆ ತೊಂದರೆ ಯಾಕೆ ಎಂದು ಹಾಗೆ ಹೇಳಿದ್ದಾನೆ, ಪಾಪ, ಎಂದು ನಾನೇ ಅರ್ಥ ಹಚ್ಚಿಕೊಂಡೆ.

ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಯಂತ್ರವನ್ನು ಪೂರ್ತಿ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆ. ಚಕ್ರದ ಹಲ್ಲುಗಳ ಸಂದಿಯಲ್ಲಿ ಕೆಂಪು ಮಣ್ಣು ಸೇರಿಕೊಂಡಿತ್ತು, ವಾಚು ನಿಂತಿದ್ದು ಅದಕ್ಕೇ. ತೊಗಟೆ ಸುಲಿದ ಕಡ್ಡಿಯ ತುದಿ ಚೂಪು ಮಾಡಿ ಒಂದೊಂದು ತೂತನ್ನೂ ಒರೆಸಿದೆ. ಎಣ್ಣೆ ಬಿಟ್ಟೆ. ಬ್ಯಾಲೆನ್ಸ್ ಚಕ್ರ ಕೂರಿಸಿ ತಿರುಪು ಬಿಗಿ ಮಾಡುತ್ತಿದ್ದ ಹಾಗೇ ಅದು ತಾನಾಗಿ ಆಡತೊಡಗಿತು. ಎಷ್ಟು ಸಾವಿರ ಸಲ ನೋಡಿದ್ದೇನೋ, ಆ ಕ್ಷಣಕ್ಕೆ ಈಗಲೂ ನನ್ನ ಎದೆ ಹಿಗ್ಗುತ್ತದೆ. ಧೂಳು ತೆಗೆದಾಗಿತ್ತು, ಓಡುತ್ತಿತ್ತು. ಮಾವ ಹೇಳಿದ್ದು ಅಷ್ಟೇ. ಅಲ್ಲಿಗೇ ಕೈ ತೊಳೆದುಕೊಂಡು ಎದ್ದಿದ್ದರೆ!

ಏಳಲಿಲ್ಲ. ಅಂಟಿನ ಬೊಟ್ಟುಗಳನ್ನು ನಯವಾಗಿ ಕೆರೆದು ತೆಗೆದೆ. ನನ್ನ ಡಬ್ಬಿಯಲ್ಲಿ ಅದೇ ಮಾದರಿಯ ಡಯಲ್ ಒಂದಿತ್ತು, ವರ್ಷಗಳಿಂದ ಕಾಗದದಲ್ಲಿ ಸುತ್ತಿ ಕಾಪಾಡಿಕೊಂಡಿದ್ದೆ, ಯಾರು ಕೇಳಿದರೂ ಕೊಟ್ಟಿರಲಿಲ್ಲ. ಹಳೆಯದರ ಮೇಲೆ ಕಲೆ ಉಳಿಯಿತೆಂದು ಅದನ್ನೇ ಹಾಕಿದೆ. ಫ್ಯಾಕ್ಟರಿಯ ಸಪೂರ ಮುಳ್ಳುಗಳು, ಸೆಕೆಂಡಿನ ಮುಳ್ಳು. ಬಿಗಿಯಾಗಿದ್ದ, ಮುಳ್ಳು ಕೂರುವ ಕೊಳವೆಯನ್ನು ಬೆಣ್ಣೆಯಂತೆ ತಿರುಗುವ ಹಾಗೆ ಸಡಿಲ ಮಾಡಿದೆ. ಹೊಸ ಗಾಜು ಒತ್ತಿ ಕೂರಿಸಿದೆ. ಆ ಅಸಹ್ಯ ತೊಗಲಿನ ಪಟ್ಟಿಯನ್ನು, ದಪ್ಪ ಮುಳ್ಳುಗಳನ್ನು ಕಸದ ಬುಟ್ಟಿಗೆ ಹಾಕಿದೆ. ಫೋಟೋ ತೆಗೆದು ನನ್ನ ಜೊತೆ ಕೆಲಸ ಮಾಡಿದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೂವು, ಚಪ್ಪಾಳೆ ಎಲ್ಲ ಬಂದವು.

ದೀಪಾವಳಿಗೆ ಆ ಕಡೆ ಹೋಗುವವರ ಕೈಯಲ್ಲಿ ವಾಚು ಕಳಿಸಿದೆ. ಮಾರನೆಯ ದಿನ ಮಾವನ ಫೋನು.

‘ಎಂಗ್ ಓಡ್ತೈತೆ ಕಣಮ್ಮಯ್ಯ! ಕಿವಿತಾವ ಇಕ್ಕಂಡ್ರೆ ಟಿಕಿಟಿಕಿ ಅಂತ ಎಷ್ಟ್ ಸೊಗಸಾಗ್ ಕೇಳ್ತೈತೆ!’

‘ನೋಡಕ್ಕೆ ಹೆಂಗೈತೆ ಹೇಳು ಮಾವ. ಹೊಸಾ ಗಾಜು, ಹೊಸಾ ಡಯಲ್ಲು!’

‘ಚೆನ್ನಾಗೈತೆ. ಭಾಳ ಚೆನ್ನಾಗೈತೆ.’ ಆಮೇಲೆ ಕೇಳಿದ, ‘ಆ ಹಳೇ ಮುಳ್ಳು, ಆ ಪಟ್ಟಿ ಮಡಗಿದ್ದೀಯಾ ಅಮ್ಮಯ್ಯ?’

‘ಥೂ, ಅವನ್ನ ಯಾರ್ ಮಡಿಕ್ಕಂತಾರೆ ಮಾವ, ತಿಪ್ಪೆಗ್ ಹಾಕ್ದೆ’ ಎಂದು ನಕ್ಕೆ.

‘ಸರಿ ಬುಡು. ಒಳ್ಳೇದಾಯ್ತು’ ಅಂದ.

ಅವತ್ತು ಫೋನಿಟ್ಟ ಮೇಲೆ ನಾನು ಪಟ್ಟ ಸಂತೋಷ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ಮಾವನ ಕೈಯಲ್ಲಿ ವಾಚು ಹೇಗೆ ಕಾಣುತ್ತದೆ, ಹೋಗಿ ನೋಡಿ ಬರಬೇಕು ಎಂದು ಬಾಯಲ್ಲಿ ಹೇಳುತ್ತಲೇ ಇದ್ದೆ. ಹೋದದ್ದು ಮುಂಗಾರು ಶುರುವಾದ ಮೇಲೆ, ಅದೂ ಕೊರಟಗೆರೆಯಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದವಳು ಅಲ್ಲಿಂದ ಹಾಗೇ. ಮಾವ ಜಗಲಿಯ ಮೇಲೆ ಕೂತಿದ್ದ. ನನ್ನ ದನಿ ಕೇಳಿ ಮುಖವನ್ನು ನನ್ನ ಕಡೆಗೆ, ಅಂದರೆ ನನ್ನಿಂದ ಸ್ವಲ್ಪ ಪಕ್ಕಕ್ಕೆ, ತಿರುಗಿಸಿ ನಕ್ಕ. ಅದನ್ನೂ ನಾನು ಗಮನಿಸಲಿಲ್ಲ. ನನ್ನ ಕಣ್ಣು ಅವನ ಮಣಿಕಟ್ಟಿನ ಮೇಲಿತ್ತು. ವಾಚು ಫಳಫಳ ಅನ್ನುತ್ತಿತ್ತು.

‘ಎಲ್ಲಿ, ಟೈಮೆಷ್ಟು ಹೇಳು ಮಾವ, ನೋಡಾನ’ ಅಂದೆ.

ಅವನ ಬಲಗೈ ಬೆರಳು ತಾನಾಗಿ ಎಡಗೈಗೆ ಹೋಯಿತು. ಗಾಜಿನ ಮೇಲೆ ಹೋಗಿ ಸುತ್ತ ಜಾರಿತು, ಅಲ್ಲೇ ನಿಂತಿತು. ‘ನೀನೇ ಮಾಡ್ಕೊಟ್ಟಿರೋದು, ನೀನೇ ನೋಡ್ಕ’ ಎಂದು ನಗುತ್ತಾ ಕೈ ಮುಂದೆ ಚಾಚಿದ. ಚಾಚಿದ್ದು ನಾನು ನಿಂತಿದ್ದ ಕಡೆಗಲ್ಲ. ಆಗ ಅವನ ಕಣ್ಣು ನೋಡಿದೆ.

ಮಾವನ ಸೊಸೆ, ಆ ಮಗನ ಹೆಂಡತಿ, ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಸಕ್ಕರೆ ಕಾಯಿಲೆಗೆ ಕಣ್ಣು ಹೋಗಿ ಎರಡು ವರ್ಷವಾಗುತ್ತಾ ಬಂದಿತ್ತು. ಗಂಟೆ ಕೇಳಿ ಕೇಳಿ ಬೇಸರವಾಗಿ ಮಾವನೇ ಶಿರಾಕ್ಕೆ ಮೂರು ಸಲ ಹೋಗಿ ಸಾಬರ ಹತ್ತಿರ ಆ ವಾಚು ಮಾಡಿಸಿಕೊಂಡು ಬಂದಿದ್ದನಂತೆ. ‘ಅದ್ ಬಂದ್ಮೇಲೆ ಇವರ್ದು ಏನ್ ಗತ್ತಕ್ಕಾ! ಮಾತ್ರೆ ಟೈಮಿಗೆ ಅವ್ರೇ ತಗಳರು. ಡೇರಿಗ್ ಹಾಲ್ ಹಾಕೋ ಹೊತ್ತಾಯ್ತು ಕಣಮ್ಮ ಅಂತ ನನ್ಗೇ ಎಚ್ಚರ ಕೊಡರು. ಬೀದೀಲ್ ಹೋಗೋರು ಬೇಕಂತ್ಲೇ ನಿಂತು ಟೈಮ್ ಕೇಳರು, ಇವರು ಟಕ್ ಅಂತ ಹೇಳರು.’

‘ಈಗ?’

‘ಈಗ ಒಂದ್ಸಲ ಕೇಳ್ತಾರೆ. ಎರಡನೇ ಸಲಕ್ಕೆ ಸಂಕೋಚ. ಮಾತ್ರೆ ತಪ್ಪೋಗಿ ಒಂದೆರ್ಡ್ ದಪ ತಲೆ ಸುತ್ತಿ ಬಿದ್ದವ್ರೆ.’

‘ನಂಗೊಂದ್ ಫೋನ್ ಮಾಡಕ್ಕೇನಾಗಿತ್ತೇ ನಿಮ್ಗೆ?’ ಎಂದು ರೇಗಿದೆ. ನನ್ನ ತಪ್ಪಿಗೆ ಅವಳ ಮೇಲೆ ರೇಗಿದೆ.

‘ಹೇಳ್ಬ್ಯಾಡ ಅಂದ್ರಕ್ಕಾ. ಅಷ್ಟ್ ಆಸೆಯಿಂದ ಮಾಡವ್ಳೆ, ಗೊತ್ತಾದ್ರೆ ನೊಂದ್ಕಂತಾಳೆ ಅಂದ್ರು.’

ಹೊರಗೆ ಬಂದು ಮಾವನ ಕೈಯಿಂದ ವಾಚು ಬಿಚ್ಚಿಕೊಂಡೆ. ಅಳು ತಡೆಯಲಾಗಲಿಲ್ಲ. ಅವನು ನನ್ನ ತಲೆ ಹುಡುಕಿ ಸವರಿದ. ‘ಬುಡೇ, ಅದುಕ್ಯಾಕ್ ಅಳ್ತೀಯ? ಚೆನ್ನಾಗೇ ಐತೆ’ ಅನ್ನುತ್ತಲೇ ಇದ್ದ.

ಮಾರನೆಯ ದಿನವೇ ಶಿರಾಕ್ಕೆ ಹೋದೆ. ಸಾಬರ ಅಂಗಡಿಯಲ್ಲಿ ಈಗ ಮೊಬೈಲ್ ಕವರು, ಚಾರ್ಜರು. ಅಂಗಡಿಯವನು ಅವರ ಮನೆ ತೋರಿಸಿದ. ಸಾಬರು ವಯಸ್ಸಾದವರು, ಬಿಳಿ ಗಡ್ಡ, ಎರಡೂ ಕೈ ನಡುಗುತ್ತಿದ್ದವು. ಅದಕ್ಕೇ ಮಾವ ಅವರ ಬದಲು ನನಗೆ ವಾಚು ಕಳಿಸಿದ್ದು ಎಂದು ಗೊತ್ತಾಯಿತು. ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿದೆ. ಅವರು ವಾಚನ್ನು ತಿರುಗಿಸಿ ತಿರುಗಿಸಿ ನೋಡಿದರು.

‘ಬಹುತ್ ಅಚ್ಛಾ ಕೆಲ್ಸ ಅಮ್ಮಾ’ ಅಂದರು. ‘ಆದ್ರೆ ನೀವು ಕಣ್ಣಿಗೆ ಮಾಡಿದೀರಿ.’

ಬೊಟ್ಟು ಎಷ್ಟು ಎತ್ತರ ಇರಬೇಕು, ಬೆರಳು ತಾಗಿದರೆ ಮುಳ್ಳು ಸರಿಯದ ಹಾಗೆ ಕೊಳವೆಯನ್ನು ಎಷ್ಟು ಬಿಗಿ ಮಾಡಬೇಕು, ಒಂದೊಂದನ್ನೂ ಹೇಳಿದರು. ಮಾವನನ್ನು ಅಂಗಡಿಯಲ್ಲಿ ಕೂರಿಸಿಕೊಂಡು, ತಾವೂ ಕಣ್ಣು ಮುಚ್ಚಿಕೊಂಡು ಮುಟ್ಟಿ ಮುಟ್ಟಿ ನೋಡಿ ಮಾಡಿದ್ದಂತೆ. ನಾನು ಕಟುಕ ಎಂದು ಬೈದಿದ್ದು ಇವರನ್ನು. ಹಳೆಯ ಡಬ್ಬಿಯೊಂದನ್ನು ತರಿಸಿ, ಅಂಥದೇ ಒಂದು ಜೊತೆ ದಪ್ಪ ಮುಳ್ಳನ್ನು ನನ್ನ ಕೈಯಲ್ಲಿಟ್ಟರು.

ಒಂದೇ ವಾರದಲ್ಲಿ ಮುಗಿಸಬಹುದಿತ್ತು. ಮೊದಲ ಸಲದ ಬೊಟ್ಟುಗಳು ಸ್ವಲ್ಪ ಸೊಟ್ಟಗಿದ್ದವು. ಬೆರಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ನನ್ನ ಕಣ್ಣಿಗೆ ಸಹಿಸಲಾಗಲಿಲ್ಲ. ಕೆರೆದು ಮತ್ತೆ ಹಾಕಿದೆ. ತೊಗಲಿನ ಮುಚ್ಚಳದ ಹೊಲಿಗೆ ಬಿಚ್ಚಿ ಮತ್ತೆ ಹೊಲಿದೆ. ಹಾಗೆ ಇನ್ನೊಂದು ತಿಂಗಳು ತಿಂದುಹಾಕಿದೆ. ಕೊನೆಗೆ ಕಣ್ಣು ಮುಚ್ಚಿ ಮುಟ್ಟಿದರೆ ಐದು ನಿಮಿಷವೂ ಹೆಚ್ಚುಕಮ್ಮಿಯಾಗದ ಹಾಗೆ ಗಂಟೆ ತಿಳಿಯುತ್ತಿತ್ತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಡಯಲ್ಲನ್ನು ಬೆರಳಿನಿಂದ ಮುಟ್ಟಿದ್ದು ಅದೇ ಮೊದಲು.

ಆಷಾಢದ ಕೊನೆಯಲ್ಲಿ, ಮಧ್ಯಾಹ್ನದ ಬಸ್ಸಿಗೆ ಹೋಗಿ ಇಳಿದೆ. ಮಾವ ನಡುಮನೆಯಲ್ಲಿ, ಬುದ್ಧನ ಫೋಟೋದ ಕೆಳಗೆ ಚಾಪೆ ಹಾಕಿಕೊಂಡು ಕೂತಿದ್ದ. ಚಪ್ಪಲಿ ಬಿಟ್ಟು ಒಳಗೆ ನುಗ್ಗಿದವಳೇ ಚೀಲದಿಂದ ವಾಚು ತೆಗೆದು, ಕೀ ಕೊಟ್ಟು, ಮುಚ್ಚಳ ಬಿಚ್ಚಿ ಅವನ ಅಂಗೈಯಲ್ಲಿಟ್ಟೆ. ಅವನು ಮೊದಲು ಕಿವಿಗೆ ಹಿಡಿದ. ಆಮೇಲೆ ಹನ್ನೆರಡರ ಎರಡು ಬೊಟ್ಟುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಸುತ್ತ ಸವರಿದ. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

‘ಹನ್ನೆರಡೂಕಾಲು’ ಅಂದ.

ಗೋಡೆಯ ಗಡಿಯಾರ ನೋಡಿದೆ. ಸರಿಯಾಗಿ ಹನ್ನೆರಡೂಕಾಲು! ‘ನೋಡಕ್ಕಾ!’ ಎಂದು ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಕುಣಿಯುವಷ್ಟು ಸಂತೋಷ. ಅವನ ಪಕ್ಕ ಕೂತು ವಾಚಿನ ಕಡೆ ಬಗ್ಗಿದೆ.

ವಾಚಿನಲ್ಲಿ ಮೂರೂ ನಲವತ್ತಾಗಿತ್ತು. ಆತುರದಲ್ಲಿ ಕೀ ಕೊಟ್ಟಿದ್ದೆ, ಟೈಮ್ ಕೂಡಿಸುವುದನ್ನು ಮರೆತಿದ್ದೆ. ನಿಂತಿದ್ದ ಜಾಗದಿಂದಲೇ ಅದು ಓಡುತ್ತಿತ್ತು. ಮಾವನ ಬೆರಳು ಎಂಟರ ಹತ್ತಿರ ದೊಡ್ಡ ಮುಳ್ಳಿನ ಮೇಲೆಯೇ ಇತ್ತು, ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ನಾನು ಬಂದ ಬಸ್ಸಿನ ಲೆಕ್ಕದಲ್ಲಿ ಗಂಟೆ ಹೇಳಿದ್ದ.

ಅವನ ಬೆರಳ ತುದಿ ನೋಡಿದೆ. ಎರಡು ಬೆರಳಿನಲ್ಲಿ ಬೊಬ್ಬೆ ಎದ್ದು ಒಣಗಿದ್ದವು. ಸೊಸೆಯ ಕಡೆ ನೋಡಿದೆ. ಅವಳು ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು, ‘ಬಿಸಿ ಲೋಟ ಅಕ್ಕ. ಸಕ್ರೆ ಕಾಯ್ಲೆ ಬೆರಳ್ಗೂ ಬಂದೈತಂತೆ. ಯುಗಾದಿ ಆದ್ಮೇಲಿಂದ್ಲೇ ಸುಟ್ರೂ ಗೊತ್ತಾಗಾಕಿಲ್ವಂತೆ, ಹೋದ್ ವಾರ ಬೊಬ್ಬೆ ಎದ್ಮೇಲೇ ನಮ್ಗೂ ಹೇಳಿದ್ದು.’

ದೀಪಾವಳಿಯಿಂದ ಯುಗಾದಿಯವರೆಗೆ ಆ ಬೆರಳುಗಳಿಗೆ ಜೀವ ಇತ್ತು. ಐದು ತಿಂಗಳು. ಆ ಐದು ತಿಂಗಳೂ ಬೆರಳಿಗೂ ಮುಳ್ಳಿಗೂ ನಡುವೆ ನಾನು ಒತ್ತಿ ಕೂರಿಸಿದ ಗಾಜು ಇತ್ತು.

‘ಸರಿಯಾಗೈತಾ ಅಮ್ಮಯ್ಯ?’ ಎಂದು ಮಾವ ಕೇಳಿದ. ಮುಖವೆಲ್ಲ ನಗು.

‘ಸರಿಯಾಗ್ ಹೇಳ್ದೆ ಮಾವ. ಒಂದ್ ನಿಮಿಷಾನೂ ಆಚೆ ಈಚೆ ಇಲ್ಲ’ ಅಂದೆ. ಪಟ್ಟಿ ಕಟ್ಟುತ್ತೇನೆ ಕೊಡು ಎಂದು ವಾಚು ಈಸಿಕೊಂಡೆ. ಸದ್ದಾಗದ ಹಾಗೆ ಕೀ ಎಳೆದು, ಮುಳ್ಳುಗಳನ್ನು ಅವನು ಹೇಳಿದ ಹನ್ನೆರಡೂಕಾಲಿಗೆ ತಂದು ನಿಲ್ಲಿಸಿ ಅವನ ಕೈಗೆ ಕಟ್ಟಿದೆ.